ನಲವತ್ತೊಂದನೆಯ ಸಾಲು

ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದ ಹೆಂಗಸಿಗೆ ನಿವೃತ್ತಿ ಎಂದರೆ ಕೈಗೆ ಬಿಡುವು ಅಷ್ಟೇ, ಕಣ್ಣಿಗಲ್ಲ. ಔಷಧದ ಡಬ್ಬಿಯ ಚೀಟಿಯಲ್ಲಿ, ಬಸ್ಸಿನ ಬೆನ್ನಿನ ಬರಹದಲ್ಲಿ, ಯಾರದೋ ಮದುವೆಯ ಕಾಗದದಲ್ಲಿ ಒಂದು ಚುಕ್ಕಿ ಹೆಚ್ಚುಕಮ್ಮಿಯಾದರೂ ಹಲ್ಲಿನ ಸಂದಿಗೆ ನಾರು ಸಿಕ್ಕಿಕೊಂಡಂತೆ ಅತ್ತೆ ಒದ್ದಾಡುತ್ತಿದ್ದರು. ಪ್ರೆಸ್ಸಿನವರು ಅವರಿಗೆ ಇಟ್ಟಿದ್ದ ಹೆಸರು ಭೂತಗನ್ನಡಿ. ಎದುರಿಗೆ ಯಾರೂ ಹೇಳುತ್ತಿರಲಿಲ್ಲ. ಹಿಂದೆ ಹೇಳಿದ್ದು ಅವರಿಗೆ ಗೊತ್ತಾಗದೆಯೂ ಇರುತ್ತಿರಲಿಲ್ಲ.

ಇಂಥ ಅತ್ತೆಗೆ ಸಿಕ್ಕ ಸೊಸೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ರೋಗಿಯ ನಾಡಿ ಹಿಡಿದರೆ ತಪ್ಪುವವಳಲ್ಲ, ಆದರೆ ಬರೆಯಲು ಕೂತರೆ ಅರ್ಧ ವಾಕ್ಯಕ್ಕೇ ಎದ್ದು ಹೋಗುವವಳು. ಮದುವೆಯಾದ ಹೊಸದರಲ್ಲಿ ಅವಳು ಬರೆದಿಟ್ಟ ಅಂಗಡಿ ಸಾಮಾನಿನ ಚೀಟಿಯನ್ನು ಅತ್ತೆ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟಿದ್ದರು. ಬೇರೆ ಮನೆಯಾಗಿದ್ದರೆ ಒಲೆ ಎರಡಾಗಲು ಅಷ್ಟು ಸಾಕಿತ್ತು. ಈ ಹುಡುಗಿ ನಕ್ಕುಬಿಟ್ಟಳು. “ಎಷ್ಟು ಮಾರ್ಕ್ಸ್ ಕೊಟ್ರಿ ಅತ್ತೆ?” ಎಂದಳು. ಅಂದಿನಿಂದ ಅವರಿಬ್ಬರ ನಡುವೆ ಮಗ ಒಂದು ನೆಪ ಮಾತ್ರ. ದೂರದ ಬಸ್ಸು ಓಡಿಸುವ ಅವನು ವಾರಕ್ಕೆರಡು ದಿನ ಬಂದು, “ಈ ಮನೇಲಿ ನಾನು ಬರೀ ಪ್ಯಾಸೆಂಜರು” ಎಂದು ಗೊಣಗಿ, ಉಂಡು ಮಲಗುವನು.

ಆರು ವರ್ಷದಿಂದ ಸೊಸೆಯದು ವರ್ಷವರ್ಷವೂ ಹೊಸ ಆದೇಶ ಬಂದರೆ ಉಂಟು, ಬಾರದಿದ್ದರೆ ಇಲ್ಲ ಎನ್ನುವ ಕೆಲಸ. ಈಗ ಒಂದೇ ಒಂದು ಕಾಯಂ ಹುದ್ದೆ ತೆರವಾಗಿತ್ತು. ಸೋಮವಾರ ಸಂದರ್ಶನ. ಸಂಶೋಧನಾ ಪತ್ರಿಕೆಗೆ ಪ್ರಬಂಧ ಸಲ್ಲಿಸಿದ ರಸೀತಿ ತೋರಿಸದಿದ್ದರೆ ಬಾಗಿಲಲ್ಲೇ ವಾಪಸ್ಸು. ಆ ಪತ್ರಿಕೆ ಪ್ರಬಂಧಗಳನ್ನು ತೆಗೆದುಕೊಳ್ಳುವುದು ಈ ಶುಕ್ರವಾರ ಸಂಜೆ ಐದರವರೆಗೆ.

ಪ್ರಬಂಧದ ವಿಷಯ, ಮುದುಕರು ಬೀಳುವುದು. ಎರಡು ವೃದ್ಧಾಶ್ರಮಗಳ ಅರವತ್ತು ಜನ. ಅದರಲ್ಲಿ ಮೂವತ್ತು ಜನರಿಗೆ ಬೆಳಿಗ್ಗೆ ಹತ್ತು ನಿಮಿಷ ವ್ಯಾಯಾಮ: ಕುರ್ಚಿ ಹಿಡಿದು ಏಳುವುದು, ಕೂರುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಮಿಕ್ಕ ಮೂವತ್ತು ಜನ ಎಂದಿನಂತೆ. ತಿಂಗಳ ಕೊನೆಯ ದಿನ ಕಾಲೇಜಿನ ಹುಡುಗಿಯರು ಹೋಗಿ, “ಈ ತಿಂಗಳು ಎಷ್ಟು ಸಲ ಬಿದ್ರಿ ಅಜ್ಜಾ?” ಎಂದು ಕೇಳಿ ಬರೆದುಕೊಳ್ಳುವುದು. ಹೀಗೆ ನಾಲ್ಕು ತಿಂಗಳು. ವ್ಯಾಯಾಮ ಮಾಡಿದವರು ಕಡಿಮೆ ಬಿದ್ದರೇ? ಪ್ರಬಂಧವೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಬರೆದವಳು ಸೊಸೆ; ಅದನ್ನು ತಿದ್ದಿತೀಡಿ ಪತ್ರಿಕೆಯ ಬಾಗಿಲಿಗೆ ಕಳಿಸುವ ಹೊಣೆ ಅತ್ತೆಯದು. ಲೇಖಕರಿಗೆ ಸೂಚನೆಗಳು ಎಂದು ಪತ್ರಿಕೆಯವರು ಕೊಟ್ಟದ್ದೇ ಇಪ್ಪತ್ತಮೂರು ಪುಟ. ಸಾಲಿನ ನಡುವೆ ಎರಡರಷ್ಟು ಜಾಗ ಬಿಡಬೇಕು, ಅಂಚಿನಲ್ಲಿ ಸಾಲುಸಾಲಿಗೂ ಸಂಖ್ಯೆ ಹಾಕಬೇಕು, ಸಾರಾಂಶ ಇನ್ನೂರೈವತ್ತು ಪದ ಮೀರಕೂಡದು. ಲೇಖಕರ ಹೆಸರು ಬೇರೆ ಹಾಳೆಯಲ್ಲಿರಬೇಕು, ಒಳಗೆಲ್ಲೂ ಯಾರು ಬರೆದದ್ದೆಂಬ ಸುಳಿವು ಸಿಕ್ಕಬಾರದು. ಸೊಸೆ, “ಹೆರೋದು ಸುಲಭ ಅತ್ತೆ, ಜನನ ಪ್ರಮಾಣಪತ್ರ ಮಾಡ್ಸೋದೇ ಕಷ್ಟ” ಎಂದು ತಲೆ ಹಿಡಿದುಕೊಂಡಳು. ಅತ್ತೆಗಾದರೋ ಬಹಳ ದಿನದ ಮೇಲೆ ತವರಿಗೆ ಬಂದಂತಾಗಿತ್ತು. ಕಂಪ್ಯೂಟರಿನಲ್ಲಿ ಸೊಸೆ ಇಟ್ಟಿದ್ದ ಕಡತಗಳ ಹೆಸರು ನೋಡಿ ಮಾತ್ರ ಅವರ ಹುಬ್ಬು ಮೇಲೇರಿತ್ತು: ‘ಕಡೆಯದು’, ‘ಕಡೆಯದು ಎರಡು’, ‘ನಿಜವಾಗ್ಲೂ ಕಡೆಯದು’, ‘ದೇವರಾಣೆ ಕಡೆಯದು’.

“ದೇವರನ್ನ ಯಾಕಮ್ಮಾ ಇದಕ್ಕೆಲ್ಲ ಸಾಕ್ಷಿ ಕರೀತೀಯ?” ಎಂದಿದ್ದರು. ಆ ಮಾತಿನಲ್ಲಿ ತಮಾಷೆ ಅರ್ಧ, ಅಂಜಿಕೆ ಅರ್ಧ.

ಮೂರು ವಾರ ಊಟದ ಮೇಜೇ ಅವರ ಕಚೇರಿಯಾಯಿತು. ಮುಖ್ಯವಾದ ಕೋಷ್ಟಕದಲ್ಲಿ ಅರವತ್ತು ಸಾಲಿರಬೇಕಾದಲ್ಲಿ ಅರವತ್ತೆರಡಿತ್ತು. ಇಬ್ಬರು ಎರಡೆರಡು ಸಲ ಬಂದಿದ್ದರು. ಸೊಸೆ ಮೂರು ತಿಂಗಳು ನೋಡಿ ನೋಡಿ ಕಾಣದ್ದನ್ನು ಅತ್ತೆ ಒಂದು ಮಧ್ಯಾಹ್ನದಲ್ಲಿ ಕಂಡರು. ಹೆಚ್ಚಿನ ಎರಡು ಸಾಲು ತೆಗೆದರು. ಅದೇ ಕೈಯಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದರು. ಸೂಚನೆಯ ಹದಿನೇಳನೆಯ ಪುಟದಲ್ಲಿ, ‘ಕೋಷ್ಟಕದ ಯಾವ ಚೌಕವೂ ಖಾಲಿ ಇರಕೂಡದು’ ಎಂದಿತ್ತು. ಸೊಸೆಯ ಕೋಷ್ಟಕದಲ್ಲಿ ಅಲ್ಲೊಂದು ಇಲ್ಲೊಂದು ಚೌಕ ಖಾಲಿ ಇತ್ತು. ಅತ್ತೆ ಹಿಂದೆಮುಂದೆ ನೋಡಲಿಲ್ಲ. ಅವರ ಪ್ರೆಸ್ಸು ಅಚ್ಚು ಹಾಕುತ್ತಿದ್ದದ್ದು ಪರೀಕ್ಷೆಯ ಅಂಕಪಟ್ಟಿಗಳನ್ನು. ಅಲ್ಲಿ ಖಾಲಿ ಚೌಕ ಎಂದರೆ ಬೀಗ ಹಾಕದ ಬಾಗಿಲು. ಯಾರು ಬೇಕಾದರೂ ಏನು ಬೇಕಾದರೂ ತುಂಬಬಹುದು. ಪರೀಕ್ಷೆಗೆ ಬಂದು ಏನೂ ಬರೆಯದವನಿಗೂ ಸೊನ್ನೆ, ಪರೀಕ್ಷೆಗೇ ಬಾರದವನಿಗೂ ಸೊನ್ನೆ. ಖಾಲಿ ಕಂಡಲ್ಲೆಲ್ಲ ಸೊನ್ನೆ ಇಟ್ಟು ಪಳಗಿದ ಕೈ ಇಲ್ಲೂ ಇಟ್ಟಿತು. ಸೊಸೆಗೆ ಹೇಳಬೇಕು ಎಂದೂ ಅನಿಸಲಿಲ್ಲ. ಉಸಿರಾಡಿದ್ದನ್ನು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

ಸೊಸೆ ಆ ಕೋಷ್ಟಕ ತೆಗೆದುಕೊಂಡು ಲೆಕ್ಕವನ್ನು ಮತ್ತೊಮ್ಮೆ ಹಾಕಿದಳು. ಮುಂಚೆ ಬಂದಿದ್ದ ಉತ್ತರ ಜೀವವಿಲ್ಲದ್ದು: ವ್ಯಾಯಾಮದಿಂದ ಉಪಯೋಗ ಇದ್ದರೂ ಇದ್ದೀತು, ಇಲ್ಲದಿದ್ದರೂ ಇಲ್ಲದೀತು. ಈಗ ಬಂದ ಉತ್ತರ ಎದ್ದು ಕುಣಿಯಿತು. ವ್ಯಾಯಾಮ ಮಾಡಿದವರು ಬೀಳುವುದು ಸುಮಾರು ಅರ್ಧಕ್ಕರ್ಧ ಕಡಿಮೆ! ಅವಳು ಕುರ್ಚಿಯಿಂದ ಎದ್ದವಳೇ ಅತ್ತೆಯನ್ನು ಹಿಂದಿನಿಂದ ತಬ್ಬಿಕೊಂಡಳು.

“ಆ ಎರಡು ಸಾಲು ತೆಗೆದಿದ್ದಕ್ಕೇ ಇಷ್ಟೊಂದು ಬದಲಾಯ್ತಾ ಅತ್ತೆ!”

“ಕಾಲಿಗೆ ಚುಚ್ಚಿದ್ದ ಮುಳ್ಳು ತೆಗೆದ್ರೆ ನಡಿಗೆ ತಾನೇ ಬರುತ್ತೆ ಬಿಡು,” ಎಂದರು ಅತ್ತೆ, ತಮಗೆ ತಾವೇ ಬೀಗುತ್ತ.

ಸೊಸೆ ಚರ್ಚೆಯ ಭಾಗವನ್ನೆಲ್ಲ ಹೊಸದಾಗಿ ಬರೆದಳು. ವಿಭಾಗದ ಮುಖ್ಯಸ್ಥೆ ಸಾರಾಂಶ ಓದಿ, ಮುಂದಿನ ತಿಂಗಳಿಂದ ಇನ್ನೂ ಹತ್ತು ವೃದ್ಧಾಶ್ರಮಗಳಲ್ಲಿ ಈ ವ್ಯಾಯಾಮ ಶುರು ಮಾಡಿಸೋಣ ಎಂದರಂತೆ.

ಹಾಗೆ ಶುಕ್ರವಾರ ಬಂತು.

ಬೆಳಿಗ್ಗೆ ಹತ್ತೂವರೆಗೆ ಅತ್ತೆ ದೇವರಿಗೆ ಕೈಮುಗಿದು ಕಡೆಯ ಓದಿಗೆ ಕೂತರು. ಅಂಕಿಯನ್ನು ಕಣ್ಣಲ್ಲಿ ಓದುವುದು ಅವರ ಪದ್ಧತಿಯಲ್ಲ. ಕಣ್ಣು ಕಾಣದ್ದನ್ನೂ ಕಂಡೆ ಎನ್ನುತ್ತದೆ, ಕಿವಿಗೆ ಅಷ್ಟು ಸುಲಭವಾಗಿ ಮೋಸ ಮಾಡಲಾಗದು. ಪ್ರೆಸ್ಸಿನಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡು ನೋಡುತ್ತಿದ್ದರು. ಓದುವ ಹುಡುಗ ರಜೆ ಹಾಕಿದ ದಿನ ಪುಸ್ತಕ ಹೊಲಿಯುವ ಬೈಂಡಿಂಗ್ ಅಣ್ಣ, ಕೈಗೆ ಹತ್ತಿದ ಅಂಟು ಒರೆಸಿಕೊಂಡು ಬಂದು ಓದಿಕೊಡುತ್ತಿದ್ದ. ಇವತ್ತು ಓದುವವರೂ ಅತ್ತೆಯೇ, ಕೇಳುವವರೂ ಅತ್ತೆಯೇ. ಸೊಸೆ ಒಳಗಿನ ಕೋಣೆಯಲ್ಲಿ ಸಂಪಾದಕರಿಗೆ ಕಾಗದ ಬರೆಯುತ್ತಿದ್ದಳು.

“ನಲವತ್ತು. ಹೆಣ್ಣು. ಎಪ್ಪತ್ತಾರು. ವ್ಯಾಯಾಮ. ಸೊನ್ನೆ, ಎರಡು, ಸೊನ್ನೆ, ಒಂದು.”

“ನಲವತ್ತೊಂದು. ಗಂಡು. ಎಂಬತ್ತೊಂದು. ವ್ಯಾಯಾಮ. ಸೊನ್ನೆ, ಒಂದು, ಸೊನ್ನೆ, ಸೊನ್ನೆ.”

ನಲವತ್ತೆರಡಕ್ಕೆ ಹೋದ ಬೆರಳು ಹಿಂದಕ್ಕೆ ಬಂತು.

ಕಿವಿಗೆ ಏನೋ ಒರಟಾಗಿ ತಾಗಿತ್ತು. ಪಟ್ಟಿಯಲ್ಲಿ ಎಂಬತ್ತೊಂದು ವರ್ಷದ ಗಂಡಸು ಇದೊಬ್ಬನೇ. ಅತ್ತೆಗೆ ಗೊತ್ತಿದ್ದ ಎಂಬತ್ತೊಂದರ ಗಂಡಸೂ ಒಬ್ಬನೇ, ಆ ಎರಡು ಆಶ್ರಮಗಳಲ್ಲೊಂದರಲ್ಲಿರುವ ಬೈಂಡಿಂಗ್ ಅಣ್ಣ. ಎರಡನೆಯ ತಿಂಗಳಲ್ಲಿ ಅವನು ಬಚ್ಚಲ ಬಾಗಿಲಲ್ಲಿ ಬಿದ್ದು ಹಣೆ ಊದಿಸಿಕೊಂಡಿದ್ದು ನಿಜ. ಅದಕ್ಕೆ ಆ ಒಂದು. ಆದರೆ ಮೂರನೆಯ ತಿಂಗಳಲ್ಲಿ ಅವನು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಅತ್ತೆಯೇ ಹೋಗಿ ಮಂಚದ ಪಕ್ಕ ಕೂತು ಬಂದಿದ್ದರು. ಸೊಸೆಯೂ ಒಂದು ಸಂಜೆ ಹಣ್ಣು ತೆಗೆದುಕೊಂಡು ಹೋಗಿದ್ದಳು. ಅಂಥವನ ಮುಂದೆ ಸೊನ್ನೆ ಹೇಗೆ ಬಂತು? ಬೀಳಲೇ ಇಲ್ಲ ಎಂದು ಬರೆದವರು ಯಾರು?

ಮಂಚದ ಕೆಳಗಿದ್ದ ರಟ್ಟಿನ ಪೆಟ್ಟಿಗೆ ಎಳೆದು, ಹುಡುಗಿಯರು ಕೈಯಲ್ಲಿ ಬರೆದು ತಂದಿದ್ದ ಮೂಲ ಹಾಳೆಗಳನ್ನು ತೆಗೆದರು. ಹೆಸರಿಲ್ಲ, ಬರೀ ಸಂಖ್ಯೆ. ನಲವತ್ತೊಂದು. ಮೂರನೆಯ ತಿಂಗಳ ಚೌಕದಲ್ಲಿ ಸೊನ್ನೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಬಿಳಿ ಕಾಗದ. ನಾಲ್ಕನೆಯ ತಿಂಗಳೂ ಹಾಗೇ.

ಬರೆದವರು ಯಾರೆಂದು ಆಗ ಗೊತ್ತಾಯಿತು. ಮಿಕ್ಕ ಹಾಳೆಗಳನ್ನು ಒಂದೊಂದಾಗಿ ತಿರುವಿ, ತಾವು ಸೊನ್ನೆ ಇಟ್ಟ ಚೌಕಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಒಟ್ಟು ಹತ್ತೊಂಬತ್ತು. ವ್ಯಾಯಾಮ ಮಾಡದವರದು ಐದು. ವ್ಯಾಯಾಮ ಮಾಡಿದವರದು ಹದಿನಾಲ್ಕು, ಒಂಬತ್ತು ಜನರದು.

ಅತ್ತೆ ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬೈಂಡಿಂಗ್ ಅಣ್ಣನಿಗೆ ಕರೆ ಮಾಡಿದರು. ಕೆಳಗೆ ಬೀದಿಯಲ್ಲಿ ಯಾರೋ ಗಾಜಿನ ಬೀರುವೊಂದನ್ನು ಗಾಡಿಯಿಂದ ಇಳಿಸುತ್ತಿದ್ದರು. ಮೂವರು ಮೂರು ದಿಕ್ಕಿಗೆ ಆಜ್ಞೆ ಕೊಡುತ್ತಿದ್ದರು.

“ಯಾರು, ಭೂತಗನ್ನಡಿನಾ?” ಆ ಹೆಸರನ್ನು ಎದುರಿಗೇ ಹೇಳುವ ಧೈರ್ಯ ಅವನೊಬ್ಬನಿಗೇ ಇದ್ದದ್ದು.

“ಹೂಂ ಅಣ್ಣ. ಹೇಗಿದೀರ?”

“ಹೊಲಿಗೆ ಬಿಟ್ಟಿದೆ. ಪುಟ ಇನ್ನೂ ಉದುರಿಲ್ಲ.”

“ಒಂದು ವಿಷಯ ಕೇಳ್ಬೇಕಿತ್ತು. ಸೊಂಟ ಮುರ್ಕೊಂಡ್ರಲ್ಲ, ಆ ತಿಂಗಳು ಒಟ್ಟು ಎಷ್ಟು ಸಲ ಬಿದ್ರಿ?”

“ಎಂಥ ಶುಭಸಮಾಚಾರ ಕೇಳ್ತೀಯ ಬೆಳಿಗ್ಗೆ ಬೆಳಿಗ್ಗೆ! ಮೂರು ಸಲ. ಎರಡು ಸಲ ಸುಮ್ನೆ, ಹಾಗೇ. ಮೂರನೇದು ಆ ಒಂಟಿ ಕಾಲಿನ ಕಸರತ್ತು ಮಾಡಿಸ್ತಾರಲ್ಲ, ಅದ್ರಲ್ಲಿ. ಪಕ್ಕದ ಮಂಚದವನು ನನ್ನ ನೋಡಿ ಕೊಕ್ಕರೆ ಅಂದ. ನಗು ಬಂತು. ಕೊಕ್ಕರೆ ಕೆಳಗೆ ಬಂತು.”

“ಅದನ್ನ ಯಾರಾದ್ರೂ ಬರ್ಕೊಂಡ್ರಾ ಅಣ್ಣ?”

“ಬರ್ಕೊಳೋ ಹುಡುಗೀರು ಬಂದ ದಿನ ನಾನು ಆಸ್ಪತ್ರೇಲಿದ್ದೆ. ಖಾಲಿ ಮಂಚಾನ ಏನಂತ ಕೇಳ್ತಾರೆ ಪಾಪ? ನಾನೊಬ್ನೇ ಅಲ್ಲ, ಆ ಕಸರತ್ತಿಗೆ ನಿಂತೋರಲ್ಲಿ ಇನ್ನಿಬ್ರು ಮೂವರು ನನ್ನ ಹಿಂದೇನೇ ಬಂದ್ರು ಆಸ್ಪತ್ರೆಗೆ. ಯಾಕೆ ತಂಗಿ, ಪ್ರೂಫಲ್ಲಿ ನಾನು ಬಿಟ್ಟುಹೋಗಿದೀನಾ?”

“ಇಲ್ಲ ಅಣ್ಣ, ಇದೀರ,” ಎಂದರು ಅತ್ತೆ. “ತಪ್ಪಾಗಿ ಇದೀರ.”

ಫೋನು ಇಟ್ಟ ಮೇಲೂ ಅಲ್ಲೇ ನಿಂತರು. ಯಾರಿಗೂ ಗೊತ್ತಾಗುವುದಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೋಷ್ಟಕ ನೋಡಲು ಎಷ್ಟು ಚೆಂದ! ಒಂದು ಚೌಕವೂ ಬರಿದಿಲ್ಲ, ಅಂಕಿಗಳು ಕಂಬಸಾಲಿನಂತೆ ನಿಂತಿವೆ. ಇನ್ನು ಐದೂವರೆ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಆರು ವರ್ಷದ ತೂಗುಯ್ಯಾಲೆಯಿಂದ ಸೊಸೆ ಇಳಿದು ನೆಲದ ಮೇಲೆ ನಿಲ್ಲುತ್ತಾಳೆ. ಹೇಳಿದರೋ, ತಾವೇ ತಳ್ಳಿದಂತೆ. ಆದರೆ ಇನ್ನೂ ಹತ್ತು ಆಶ್ರಮಗಳಲ್ಲಿ ಮುದುಕರು ಬೆಳಿಗ್ಗೆ ಸಾಲಾಗಿ ಒಂಟಿ ಕಾಲಲ್ಲಿ ನಿಲ್ಲುವುದು ಕಣ್ಣಿಗೆ ಕಟ್ಟಿತು.

ಯಾಕೋ ಅಮ್ಮ ನೆನಪಾದಳು. ಅಮ್ಮ ಮುಸ್ಸಂಜೆ ದೀಪದ ಮುಂದೆ ಪದ್ಯ ಓದುವಳು, ಪುಸ್ತಕವಿಲ್ಲದೆ. ಓದುತ್ತ ಓದುತ್ತ ಒಂದು ಕಡೆ ನಿಲ್ಲುವಳು. ಆರೇಳು ವರ್ಷದ ತಾನು, ಅಮ್ಮನಿಗೆ ಮರೆತುಹೋಯಿತೆಂದು ಗಾಬರಿಯಾಗಿ ಬಾಯಿಗೆ ಬಂದ ಒಂದು ಪದ ಕೂಗಿ ತುಂಬಿದ್ದಳು. ಅಮ್ಮ ಬೈಯಲಿಲ್ಲ. “ಮರೆತಿದ್ದಲ್ಲ ಮಗಳೇ, ನಿಂತಿದ್ದು. ಅಲ್ಲಿ ನೀನು ತುಂಬಬೇಡ, ಕೇಳು” ಎಂದಿದ್ದಳು. ಅರವತ್ತು ವರ್ಷದ ಮೇಲೆ ಅದೇ ತಪ್ಪು. ಆಗ ಒಂದು ಪದ, ಈಗ ಹತ್ತೊಂಬತ್ತು ಸೊನ್ನೆ.

ಒಳಗೆ ಸೊಸೆ ಫೋನಿನಲ್ಲಿ ನಗುತ್ತಿದ್ದಳು. “ಆಯ್ತು ಮೇಡಂ, ಮೂರು ಗಂಟೆಗೆ ಕಳಿಸಿಬಿಡ್ತೀನಿ. ಐದರ ತನಕ ಯಾಕೆ ಕಾಯೋದು?” ಅವಳು ಫೋನು ಇಟ್ಟು ತಿರುಗಿದಾಗ ಅತ್ತೆ ಬಾಗಿಲಲ್ಲಿ ಮೂಲ ಹಾಳೆಗಳನ್ನು ಎದೆಗೊತ್ತಿಕೊಂಡು ನಿಂತಿದ್ದರು.

“ಏನತ್ತೆ, ಮುಖ ಯಾಕೆ ಹಾಗಿದೆ? ಮತ್ತೆ ನನ್ನ ಸಾರಾಂಶ ಇನ್ನೂರೈವತ್ತೊಂದು ಪದ ಆಯ್ತಾ?”

“ಕೂತ್ಕೋಮ್ಮಾ.”

ಅವರು ಸುತ್ತಿಬಳಸಲಿಲ್ಲ. ಹದಿನೇಳನೆಯ ಪುಟದ ಸೂಚನೆ, ಅಂಕಪಟ್ಟಿಯ ಅಭ್ಯಾಸ, ಹತ್ತೊಂಬತ್ತು ಸೊನ್ನೆ, ಬೈಂಡಿಂಗ್ ಅಣ್ಣನ ಮಾತು, ಎಲ್ಲವನ್ನೂ ಕರಡು ಓದಿದಂತೆ ಒಂದೇ ಸ್ವರದಲ್ಲಿ ಹೇಳಿದರು. ಸೊಸೆಯ ಮುಖದ ನಗು ಕೂಡಲೇ ಹೋಗಲಿಲ್ಲ. ಹೋಗುವುದಕ್ಕೆ ದಾರಿ ಗೊತ್ತಾಗದೆ ಅಲ್ಲೇ ಸ್ವಲ್ಪ ಹೊತ್ತು ಇತ್ತು.

“ತುಂಬಿ ಅಂತ ಯಾರು ಹೇಳಿದ್ರು ನಿಮಗೆ?”

“ಖಾಲಿ ಇರ್ಕೂಡದು ಅಂತ ಬರೆದಿತ್ತು.”

“ನನ್ನ ಕೇಳ್ಬಾರ್ದಿತ್ತಾ? ಒಂದು ಗೆರೆ ಎಳೆದಿದ್ರೆ ಸಾಕಿತ್ತು! ಕೆಳಗೆ ‘ಮಾಹಿತಿ ಇಲ್ಲ’ ಅಂತ ಬರೆದಿದ್ರೆ ಮುಗೀತಿತ್ತು! ಖಾಲಿ ಇದ್ರೆ ಯಂತ್ರ ಅದನ್ನ ದಾಟ್ಕೊಂಡು ಹೋಗುತ್ತೆ ಅತ್ತೆ. ಸೊನ್ನೆ ಇದ್ರೆ ಎಣಿಸ್ಕೊಳುತ್ತೆ. ಬೀಳಲಿಲ್ಲ ಅಂತ ಎಣಿಸ್ಕೊಳುತ್ತೆ!”

“ಗೊತ್ತಿರ್ಲಿಲ್ಲ ಕಣಮ್ಮಾ.”

“ನಿಮಗೆ ಎಲ್ಲಾ ಗೊತ್ತಿರುತ್ತಲ್ಲ! ಔಷಧಿ ಚೀಟೀನೂ ತಿದ್ತೀರ, ಬಸ್ಸನ್ನೂ ತಿದ್ತೀರ...”

ಇಷ್ಟು ವರ್ಷದಲ್ಲಿ ಅವಳು ಅತ್ತೆಗೆ ಹೀಗೆ ಅಂದದ್ದು ಇದೇ ಮೊದಲು. ಅತ್ತೆ ತಲೆ ತಗ್ಗಿಸಿ ಹಾಳೆಗಳ ಅಂಚು ಸರಿಮಾಡುತ್ತ ಕೂತರು. ಆಗಲೇ ಸಮವಾಗಿದ್ದ ಅಂಚನ್ನು ಮತ್ತೆ ಮತ್ತೆ.

ಸೊಸೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಸೊನ್ನೆಗಳನ್ನು ಅಳಿಸಿದ ಇನ್ನೊಂದು ಪ್ರತಿ ಮಾಡಿ ಲೆಕ್ಕ ಹಾಕಿದಳು. ಕುಣಿಯುತ್ತಿದ್ದ ಉತ್ತರ ಮತ್ತೆ ಮಲಗಿತು: ಇದ್ದರೂ ಇದ್ದೀತು, ಇಲ್ಲದಿದ್ದರೂ ಇಲ್ಲದೀತು.

“ಕಳಿಸಿಬಿಡೋಣ,” ಎಂದಳು, ಪರದೆಯನ್ನೇ ನೋಡುತ್ತ. “ರಸೀತಿ ಬರಲಿ. ಆಮೇಲೆ ತಪ್ಪಾಯ್ತು ಅಂತ ವಾಪಸ್ ತಗೋಬಹುದು. ಎಷ್ಟೋ ಜನ ಮಾಡ್ತಾರೆ.”

ಅತ್ತೆ ಬೇಡ ಎನ್ನಲಿಲ್ಲ. ಬುದ್ಧಿ ಹೇಳುವ ಯೋಗ್ಯತೆ ಬೆಳಿಗ್ಗೆಯೇ ಕಳೆದುಹೋಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಸೊಸೆ ತಾನೇ ಅಂದಳು: “ಇಲ್ಲಾಂದ್ರೆ ನನ್ನ ಹಳೇದಿದೆಯಲ್ಲ, ‘ಕಡೆಯದು ಎರಡು’. ಎರಡು ಸಾಲು ತೆಗೆದು ಅದನ್ನೇ ಕಳಿಸಬಹುದು. ಉಪಯೋಗ ಖಚಿತ ಇಲ್ಲ ಅಂತ ಅದ್ರಲ್ಲಿ ಬರೆದಿದೀನಿ. ಅದು ಸುಳ್ಳಲ್ಲ.”

“ಸುಳ್ಳಲ್ಲ,” ಎಂದರು ಅತ್ತೆ, ಆಸೆಯಿಂದ ತಲೆಯೆತ್ತಿ. “ಕಳಿಸಮ್ಮಾ. ಒಂದು ಗಂಟೇಲಿ ನಾನು ಅದನ್ನ ಸರಿಮಾಡಿ ಕೊಡ್ತೀನಿ. ಚೌಕ ಮುಟ್ಟಲ್ಲ.”

ಸೊಸೆ ಮೂಲ ಹಾಳೆಗಳನ್ನು ಎಳೆದುಕೊಂಡಳು. ಅತ್ತೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಚೌಕಗಳ ಮೇಲೆ ಅವಳ ಬೆರಳು ಒಂದೊಂದಾಗಿ ಇಳಿಯಿತು. ಐದು ಈ ಕಡೆ. ಹದಿನಾಲ್ಕು ಆ ಕಡೆ.

“ಇದು ನೀವು ಮಾಡಿದ್ದಲ್ಲ ಅತ್ತೆ,” ಎಂದಳು. ದನಿ ಸಣ್ಣದಾಗಿತ್ತು. “ಹದಿನಾಲ್ಕು ಚೌಕ ಯಾಕೆ ಖಾಲಿ ಅಂತ ನಾನು ಒಂದು ಸಲಾನೂ ಕೇಳ್ಲಿಲ್ಲ. ಯಂತ್ರ ದಾಟ್ಕೊಂಡು ಹೋಯ್ತು, ನಾನೂ ಅದ್ರ ಹಿಂದೆ ದಾಟ್ಕೊಂಡು ಹೋದೆ. ಹಳೇದೂ ಕಳಿಸೋ ಹಾಗಿಲ್ಲ, ಬಿದ್ದು ಆಸ್ಪತ್ರೆ ಸೇರಿದೋರೇ ಅದ್ರಲ್ಲಿಲ್ಲ. ಆ ಅಣ್ಣಂಗೆ ಹಣ್ಣು ತಗೊಂಡೋಗಿ ಕೊಟ್ಟು, ಹೇಗೆ ಬಿದ್ರಿ ಅಂತ ಕೂಡ ಕೇಳ್ದೆ ಬಂದೆ.” ಹಾಳೆ ಕೆಳಗಿಟ್ಟು, “ಎರಡು ಸಾಲು ತೆಗೆದ್ರೆ ಅಷ್ಟು ಬದಲಾಗಲ್ಲ ಅಂತ ನನಗೆ ಆವತ್ತೇ ಅನ್ನಿಸಿತ್ತು. ಅನ್ನಿಸ್ದೇ ಇರೋ ಹಾಗೆ ಮಾಡ್ಕೊಂಡೆ.”

ಅತ್ತೆಗೆ ಈ ಮಾತು ಮೊದಲಿನ ಬೈಗುಳಕ್ಕಿಂತ ಭಾರವಾಯಿತು. ಬೈಗುಳವನ್ನಾದರೆ ತಾವೊಬ್ಬರೇ ಹೊರಬಹುದಿತ್ತು.

ಸೊಸೆ ಮುಖ್ಯಸ್ಥೆಗೆ ಫೋನು ಮಾಡಿದಳು. ಇವಳ ಕಡೆಯ ಮಾತು ಮಾತ್ರ ಕೇಳುತ್ತಿತ್ತು. “ಇಲ್ಲ ಮೇಡಂ... ಹತ್ತು ಆಶ್ರಮಕ್ಕೆ ಈಗಲೇ ಹೇಳ್ಬೇಡಿ... ಬಿದ್ದೋರೇ ಪಟ್ಟೀಲಿ ಇಲ್ಲ ಮೇಡಂ... ಗೊತ್ತು, ಸೋಮವಾರ ಅಂತ ಗೊತ್ತು...” ಆಮೇಲೆ ಬಹಳ ಹೊತ್ತು ಕೇಳುತ್ತ ನಿಂತಳು. ಫೋನು ಇಟ್ಟಾಗ ಕಿವಿ ಕೆಂಪಾಗಿತ್ತು.

ಮೂರು ಗಂಟೆ ಹೊಡೆಯಿತು. ಮಾಡಿಟ್ಟ ಅಡುಗೆ ಮುಚ್ಚಿದಂತೆಯೇ ಇತ್ತು. ಅತ್ತೆ ಎರಡು ಲೋಟ ಚಹಾ ತಂದಿಟ್ಟರು. ಸೊಸೆ ಲೋಟ ದೂರ ಸರಿಸಿ, ಮೂಲ ಹಾಳೆಗಳನ್ನು ಅವರ ಕಡೆ ನೂಕಿ, ತಾನು ಕಂಪ್ಯೂಟರಿನ ಮುಂದೆ ಕೂತಳು.

“ಓದಿ,” ಎಂದಳು.

“ಯಾವುದು?”

“ಮೊದಲಿಂದ. ಅರವತ್ತೂ. ನನ್ನ ಪಟ್ಟೀಲೂ ಎರಡು ಸಾಲು ಹೆಚ್ಚಿತ್ತು, ನಿಮ್ಮ ಪಟ್ಟೀಲೂ ಸೊನ್ನೆ ಹೆಚ್ಚಿತ್ತು. ಎರಡೂ ಬೇಡ. ಹೊಸದಾಗಿ ಬರ್ಕೊತೀನಿ. ಖಾಲಿ ಇರೋರ ಸಂಖ್ಯೆ ಬೇರೆ ಗುರುತು ಹಾಕ್ಕೊಂಡು ಸೋಮವಾರದಿಂದ ಹೋಗಿ ಕೇಳ್ಬೇಕು.”

“ಸೋಮವಾರ ಸಂದರ್ಶನ...”

“ಸೋಮವಾರ ಬಿಡುವಾಗಿರ್ತೀನಲ್ಲ,” ಎಂದಳು ಸೊಸೆ. ಅದು ತಮಾಷೆಯೋ ಅಲ್ಲವೋ ಅತ್ತೆಗೆ ತಿಳಿಯಲಿಲ್ಲ. ನಗಬಾರದು ಎಂಬುದು ಮಾತ್ರ ತಿಳಿಯಿತು.

ಕನ್ನಡಕ ಒರೆಸಿಕೊಂಡು ಓದತೊಡಗಿದರು. ಅಂಕಿಗೊಂದು ಸದ್ದು ಕೀಲಿಮಣೆಯಿಂದ ಬರುತ್ತಿತ್ತು. ಐದನೆಯ ಸಾಲಿನಲ್ಲಿ ಮೊದಲ ಖಾಲಿ ಬಂತು. ‘ಖಾಲಿ’ ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿ, ಒಂದು ಉಸಿರಿನಷ್ಟು ನಿಂತರು. ಸೊಸೆ ಏನೂ ಒತ್ತದೆ ಚೌಕ ದಾಟಿ, ಪಕ್ಕದ ಕಾಗದದಲ್ಲಿ ‘ಐದು’ ಎಂದು ಬರೆದುಕೊಂಡಳು. ಆಮೇಲೆ ಅದೇ ಕ್ರಮವಾಯಿತು. ತಪ್ಪು ಓದಬಾರದೆಂದು ಅತ್ತೆ ಮೂರು ಸಲ ಹಿಂದಕ್ಕೆ ಹೋದರು. ಸೊಸೆ ಮೂರು ಸಲವೂ ಕಾದಳು, ಆದರೆ ತಲೆ ತಿರುಗಿಸಿ ಅವರತ್ತ ನೋಡಲಿಲ್ಲ. ಓದಿಗೆ ಮುಂಚೆ ಅಂಚು, ಗೆರೆ, ಸಂಖ್ಯೆ ಎಲ್ಲ ಸರಿಯಾಗಿ ಕೂರುವಂತೆ ಹೊಸ ಪುಟ ಮಾಡಿಕೊಳ್ಳುವುದಕ್ಕೇ ಅವಳಿಗೆ ಮುಕ್ಕಾಲು ಗಂಟೆ ಹಿಡಿದಿತ್ತು. ಯಾವಾಗಲೂ ಅತ್ತೆ ಮಾಡಿಕೊಡುತ್ತಿದ್ದ ಕೆಲಸ ಅದು. ಇವತ್ತು ಮಾಡಿಕೊಡಿ ಎನ್ನಲಿಲ್ಲ.

ಮೂವತ್ತೆಂಟನೆಯ ಸಾಲು ಓದುವಾಗ ಮೇಜಿನ ಮೇಲೆ ಸೊಸೆಯ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಅತ್ತೆ ಗೋಡೆ ಗಡಿಯಾರ ನೋಡಿದರು. ಐದಕ್ಕೆ ಹತ್ತು ನಿಮಿಷ. ‘ಕಡೆಯದು ಎರಡು’ ಇನ್ನೂ ಅದೇ ಕಂಪ್ಯೂಟರಿನಲ್ಲಿದೆ. ಬೇಕೆಂದರೆ ಈಗಲೂ ಆದೀತು. ಅವರು ಓದುವುದನ್ನು ನಿಲ್ಲಿಸಿ ಕಾದರು.

“ಓದಿ ಅತ್ತೆ,” ಎಂದಳು ಸೊಸೆ.

ಓದಿದರು. ಮೂವತ್ತೊಂಬತ್ತು. ನಲವತ್ತು.

“ನಲವತ್ತೊಂದು. ಗಂಡು. ಎಂಬತ್ತೊಂದು. ವ್ಯಾಯಾಮ. ಸೊನ್ನೆ. ಒಂದು.”

ನಿಂತರು. ಕೆಳಗೆ ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರು. ಸೊಸೆ ಎರಡು ಚೌಕ ದಾಟಿ, ಕಾಗದದಲ್ಲಿ ‘ನಲವತ್ತೊಂದು’ ಎಂದು ಬರೆದು, ಅದರ ಮುಂದೆ ಸಣ್ಣಗೆ ‘ಮೂರು ಸಲ, ಅವರೇ ಹೇಳಿದ್ದು, ಹೋಗಿ ಕೇಳಬೇಕು’ ಎಂದು ಸೇರಿಸಿದಳು. ಆ ಬರಹದಲ್ಲಿ ಒಂದು ಕಡೆ ಚುಕ್ಕಿ ಬಿಟ್ಟುಹೋಗಿತ್ತು. ಅತ್ತೆ ನೋಡಿದರು. ಕೆಂಪು ಪೆನ್ನು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

“ನಲವತ್ತೆರಡು,” ಎಂದು ಮುಂದಕ್ಕೆ ಓದಿದರು.